ಎರಡು ಪಾರ್ಟಿಯ ಊರು, ಮೂರನೆಯ ನೆಲೆ: ಕೊಳ್ಳೇಗಾಲ ಸೀಮೆಯ ಚುನಾವಣಾ ರಾಜಕಾರಣ – ಒಂದು ಜಾನಪದೀಯ ಪರಿಶೀಲನೆ

ಕೊಳ್ಳೇಗಾಲ ತಾಲ್ಲೂಕಿನ ಧನಗೆರೆಯಿಂದ ಹಿಡಿದು ಅತ್ತ ಹನೂರಿನ ಬೆಟ್ಟದ ತಪ್ಪಲಿನವರೆಗೆ, ಇತ್ತ ಯಳಂದೂರಿನವರೆಗೆ, ಹಳ್ಳಿಗರ ಆಡುಮಾತಿನಲ್ಲಿ ‘ಪಾರ್ಟಿ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಚುನಾವಣೆಯಲ್ಲಿ ಸ್ಪರ್ಧಿಸುವ ರಾಜಕೀಯ ಪಕ್ಷ ಎಂಬುದು ಒಂದು. ಊರೊಳಗಿನ ಬಣ ಎಂಬುದು ಇನ್ನೊಂದು. ಹಬ್ಬದ ಮೆರವಣಿಗೆಯ ದಾರಿ, ಕೆರೆಯ ನೀರಿನ ಸರದಿ, ದೇವಸ್ಥಾನದ ಲೆಕ್ಕಪತ್ರ ಮೊದಲಾದ ವಿಷಯಗಳಲ್ಲಿ ಮನಸ್ತಾಪ ಹುಟ್ಟಿದಾಗ ‘ಊರು ಎರಡು ಪಾರ್ಟಿ ಆಗಿದೆ’ ಎನ್ನುವುದು ರೂಢಿ. ‘ಮೂರು ಪಾರ್ಟಿ ಆಗಿದೆ’ ಎಂಬ ಮಾತು ಕೇಳಿಬರುವುದು ಅಪರೂಪ. ಮೂರನೆಯವನನ್ನು ಕುರಿತು ಗಾದೆ ಆಡುವ ಮಾತೂ ಅಷ್ಟೇನೂ ಗೌರವದ್ದಲ್ಲ: ‘ಇಬ್ಬರ ಜಗಳ, ಮೂರನೆಯವನಿಗೆ ಲಾಭ’. ಜನಮಾನಸದಲ್ಲಿ ಮೂರನೆಯವನು ಲಾಭಕೋರನಾಗಿದ್ದಾನೆ, ಇಲ್ಲವೇ ಲೆಕ್ಕಕ್ಕೇ ಇಲ್ಲದವನಾಗಿದ್ದಾನೆ.

ಎರಡು ಪ್ರಬಲ ಪಕ್ಷಗಳ ನಡುವೆ ಅಧಿಕಾರ ಕೈಬದಲಾಗುವ ಪ್ರಜಾಪ್ರಭುತ್ವಕ್ಕೆ ಸತ್ತ್ವಯುತವಾದ ಮೂರನೆಯ ಪಕ್ಷ ಅಗತ್ಯವೇ ಎಂಬ ಪ್ರಶ್ನೆಯನ್ನು ರಾಜ್ಯಶಾಸ್ತ್ರಜ್ಞರು ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಆ ಪ್ರಶ್ನೆಯನ್ನು ಒಂದು ಸೀಮೆಯ ಅನುಭವದ ಮೂಲಕ, ಆ ಸೀಮೆಯ ಜನಪದ ಪರಂಪರೆಯನ್ನು ಪಕ್ಕದಲ್ಲಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಸೀಮೆಯನ್ನು ಆಯ್ದುಕೊಳ್ಳಲು ಕಾರಣವಿದೆ. ಕಳೆದ ಎರಡು ದಶಕಗಳಲ್ಲಿ ಮೂರನೆಯ ಪಕ್ಷವೊಂದು ಹೇಗೆ ಬೇರುಬಿಡುತ್ತದೆ, ಹೇಗೆ ಗೆಲ್ಲುತ್ತದೆ, ಗೆದ್ದ ಮೇಲೆ ಹೇಗೆ ಕರಗುತ್ತದೆ ಎಂಬ ಮೂರೂ ಹಂತಗಳು ಇಲ್ಲಿ ಒಟ್ಟಿಗೆ ಕಾಣಸಿಗುತ್ತವೆ.

1. ಎರಡಾಗುವ ಒತ್ತಡ

ಫ್ರಾನ್ಸಿನ ವಿದ್ವಾಂಸ ಮಾರಿಸ್ ದ್ಯುವರ್ಜೆ 1951ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಒಂದು ಸೂತ್ರವನ್ನು ಮಂಡಿಸಿದನು. ಒಂದು ಕ್ಷೇತ್ರಕ್ಕೆ ಒಬ್ಬನೇ ಪ್ರತಿನಿಧಿಯಿದ್ದು, ಎಲ್ಲರಿಗಿಂತ ಹೆಚ್ಚು ಮತ ಪಡೆದವನೇ ಗೆಲ್ಲುವ ಪದ್ಧತಿಯಿದ್ದಲ್ಲಿ ಕಾಲಕ್ರಮೇಣ ಎರಡು ಪಕ್ಷಗಳು ಮಾತ್ರ ಉಳಿಯುತ್ತವೆ ಎಂಬುದು ಅದರ ಸಾರ. ಗೆಲ್ಲಲಾರದವನಿಗೆ ಹಾಕಿದ ಮತ ವ್ಯರ್ಥವಾಯಿತೆಂದು ಮತದಾರನು ಭಾವಿಸುತ್ತಾನೆ. ತನಗೆ ಒಪ್ಪಿಗೆಯಾದವನನ್ನು ಬಿಟ್ಟು, ಒಪ್ಪದವನನ್ನು ಸೋಲಿಸಬಲ್ಲವನ ಕಡೆಗೆ ತಿರುಗುತ್ತಾನೆ. 1983ರ ಬ್ರಿಟನ್ನಿನ ಚುನಾವಣೆಯಲ್ಲಿ ಲಿಬರಲ್ ಮತ್ತು ಸೋಶಿಯಲ್ ಡೆಮಾಕ್ರಟಿಕ್ ಪಕ್ಷಗಳ ಕೂಟಕ್ಕೆ ನೂರಕ್ಕೆ 25ರಷ್ಟು ಮತ ಬಂದರೂ ದೊರೆತ ಸ್ಥಾನಗಳು 650ರಲ್ಲಿ 23 ಮಾತ್ರ. ಅದಕ್ಕಿಂತ ತುಸುವೇ ಹೆಚ್ಚು ಮತ ಪಡೆದ ಲೇಬರ್ ಪಕ್ಷಕ್ಕೆ 209 ಸ್ಥಾನಗಳು ಲಭಿಸಿದವು. 1992ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ರಾಸ್ ಪೆರೋ ಸುಮಾರು ನೂರಕ್ಕೆ 19ರಷ್ಟು ಮತ ಪಡೆದನಾದರೂ ಚುನಾಯಕರ ಒಂದು ಮತವೂ ಅವನ ಪಾಲಿಗೆ ಬರಲಿಲ್ಲ.

ಭಾರತದಲ್ಲಿ ಈ ಸೂತ್ರ ದೇಶದ ಮಟ್ಟದಲ್ಲಿ ನಿಲ್ಲದಿದ್ದರೂ ಕ್ಷೇತ್ರದ ಮಟ್ಟದಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ. ಒಂದೊಂದು ಕ್ಷೇತ್ರದಲ್ಲಿಯೂ ಕಡೆಗೆ ಇಬ್ಬರೇ ಉಳಿಯುತ್ತಾರೆ. ಆದರೆ ಆ ಇಬ್ಬರು ಎಲ್ಲ ಕಡೆಯೂ ಅವರೇ ಆಗಿರುವುದಿಲ್ಲ. ಆದುದರಿಂದ ‘ಮೂರನೆಯ ಪಕ್ಷ’ ಎಂಬುದು ಸಾಪೇಕ್ಷವಾದ ಮಾತು. ರಾಜ್ಯದ ಲೆಕ್ಕದಲ್ಲಿ ಮೂರನೆಯದೋ ನಾಲ್ಕನೆಯದೋ ಆದ ಪಕ್ಷ ಒಂದು ತಾಲ್ಲೂಕಿನಲ್ಲಿ ಎರಡನೆಯದಾಗಿರಬಹುದು, ಒಂದು ಹಳ್ಳಿಯಲ್ಲಿ ಮೊದಲನೆಯದೇ ಆಗಿರಬಹುದು. ಅಲ್ಲದೆ ಈ ಸ್ಥಾನ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. 1983ರಲ್ಲಿ ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರಕಾರ ರಚಿತವಾದಾಗ ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82 ಸ್ಥಾನಗಳಿದ್ದವು. 18 ಸ್ಥಾನಗಳೊಂದಿಗೆ ಹೊರಗಿನಿಂದ ಬೆಂಬಲ ನೀಡಿದ ಮೂರನೆಯ ಪಕ್ಷ ಭಾರತೀಯ ಜನತಾ ಪಕ್ಷ. ಅಂದಿನ ಮೂರನೆಯದೇ 2018ರಲ್ಲಿ 104 ಸ್ಥಾನಗಳನ್ನು ಪಡೆದು ವಿಧಾನಸಭೆಯ ಅತಿದೊಡ್ಡ ಪಕ್ಷವಾಯಿತು. ಜನತಾ ಪರಿವಾರದ ಪ್ರಮುಖ ಶಾಖೆ ಅದೇ ಚುನಾವಣೆಯಲ್ಲಿ 37 ಸ್ಥಾನಗಳೊಂದಿಗೆ ಮೂರನೆಯದಾಯಿತು. ಮೂರನೆಯ ನೆಲೆಯನ್ನು ಮುಚ್ಚಿದರೆ ಮುಂದೆ ಬರಬೇಕಾದ ಎರಡನೆಯದರ ದಾರಿಯನ್ನೂ ಮುಚ್ಚಿದಂತೆಯೇ ಎಂಬುದಕ್ಕೆ ಇದೊಂದು ನಿದರ್ಶನ.

2. ಪಣಗಳ ಕಾಲದ ಇಬ್ಬಣ

ಸಮಾಜವನ್ನು ಎರಡಾಗಿ ನಿಲ್ಲಿಸುವ ಕ್ರಮ ಮತಪೆಟ್ಟಿಗೆಯೊಂದಿಗೆ ಬಂದದ್ದಲ್ಲ. ಮೈಸೂರು ಸೀಮೆಯಲ್ಲಿ ಎಡಗೈ ಮತ್ತು ಬಲಗೈ ಎಂಬ ವಿಭಜನೆ ಬಹುಕಾಲ ಬಲವಾಗಿತ್ತು. ಎಡಗೈಗೆ 9 ಪಣ, ಬಲಗೈಗೆ 18 ಪಣ ಎಂದು ಜಾತಿಗಳನ್ನು ಎಣಿಸುತ್ತಿದ್ದರು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ವಿಭಜನೆಯನ್ನು ದಾಖಲಿಸಿದ್ದಾನೆ. ಕಲಹದ ವಸ್ತು ಬಹುಮಟ್ಟಿಗೆ ಭೂಮಿಯಾಗಲೀ ಹಣವಾಗಲೀ ಆಗಿರುತ್ತಿರಲಿಲ್ಲ. ಮೆರವಣಿಗೆಯಲ್ಲಿ ಯಾವ ಬಿರುದು, ಯಾವ ಮರ್ಯಾದೆ ಯಾರಿಗೆ ಸಲ್ಲಬೇಕು ಎಂಬುದಾಗಿರುತ್ತಿತ್ತು.

ಈ ವ್ಯವಸ್ಥೆಯ ಒಂದು ಲಕ್ಷಣ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಎರಡೂ ಕೈಗಳಲ್ಲಿ ಮೇಲಿನವರೂ ಇದ್ದರು, ಕೆಳಗಿನವರೂ ಇದ್ದರು. ಬಲಗೈಯ ಪರವಾಗಿ ಹೊಲೆಯರೂ ಎಡಗೈಯ ಪರವಾಗಿ ಮಾದಿಗರೂ ಬೀದಿಗಿಳಿದು ಕಾದಾಡಿದರು. ಗೆದ್ದ ಮರ್ಯಾದೆ ಮಾತ್ರ ಮೇಲಿನವರ ಮನೆಯ ಮೆರವಣಿಗೆಗೆ ಸಂದಿತು. ಒಂದು ಕೈಯನ್ನು ಬಿಟ್ಟು ಇನ್ನೊಂದು ಕೈಗೆ ಹೋಗುವ ಅವಕಾಶ ಹುಟ್ಟಿನಿಂದಲೇ ಇಲ್ಲವಾದುದರಿಂದ, ತಮ್ಮವರನ್ನು ಉಳಿಸಿಕೊಳ್ಳಲು ಏನನ್ನಾದರೂ ಕೊಡಬೇಕೆಂಬ ಒತ್ತಾಯ ಮೇಲಿನವರಿಗೆ ಇರಲಿಲ್ಲ. ಎರಡೂ ಕೈಗೆ ಸೇರದೆ ಉಳಿದವರಲ್ಲಿ ಬ್ರಾಹ್ಮಣರು ಮೇಲೆ ನಿಂತರು. ಬಿಳಿಗಿರಿರಂಗನಬೆಟ್ಟದ ಹಾಗೂ ಮಾದೇಶ್ವರನ ಬೆಟ್ಟದ ಸೋಲಿಗರಾದರೋ ಪಣಗಳ ಎಣಿಕೆಗೆ ಒಳಗಾಗಲೇ ಇಲ್ಲ.

ಸ್ವಾತಂತ್ರ್ಯಾನಂತರ ಪಣಗಳು ಮರೆಗೆ ಸರಿದವು; ಇಬ್ಬಣದ ರೂಢಿ ಉಳಿಯಿತು. ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದ ಎಂ.ಎನ್. ಶ್ರೀನಿವಾಸ್ 1955ರ ತಮ್ಮ ಬರಹದಲ್ಲಿ ‘ವೋಟ್ ಬ್ಯಾಂಕ್’ ಎಂಬ ಮಾತನ್ನು ಬಳಕೆಗೆ ತಂದರು. ಯಜಮಾನನ ಒಂದು ಮಾತಿಗೆ ಹಲವು ಮನೆಗಳ ಮತ ಬೀಳುವ ಸ್ಥಿತಿಯನ್ನು ಅದು ಸೂಚಿಸುತ್ತಿತ್ತು. ಬ್ಯಾಂಕಿನಲ್ಲಿಟ್ಟ ಹಣ ತಾನಾಗಿ ಎದ್ದು ಬೇರೆಡೆಗೆ ಹೋಗುವುದಿಲ್ಲ. ಹೋಗಬಹುದೆಂಬ ಭಯ ಇಟ್ಟವನಿಗೆ ಹುಟ್ಟಬೇಕಾದರೆ ಬೇರೊಂದು ಬಾಗಿಲು ತೆರೆದಿರಬೇಕು.

3. ಒಂದು ಮತ, ಎರಡು ಮನೆತನ

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಯಳಂದೂರು ಮೈಸೂರಿನಲ್ಲಿತ್ತು. 1997ರಲ್ಲಿ ಚಾಮರಾಜನಗರ ಜಿಲ್ಲೆ ರಚನೆಯಾದ ಮೇಲೆ ಎರಡೂ ಆ ಜಿಲ್ಲೆಗೆ ಬಂದವು. 2008ರಲ್ಲಿ ಕ್ಷೇತ್ರ ಪುನರ್ವಿಂಗಡಣೆ ಜಾರಿಯಾಗಿ ಸಂತೇಮರಹಳ್ಳಿ ಕ್ಷೇತ್ರ ರದ್ದಾದಾಗ ಯಳಂದೂರು ತಾಲ್ಲೂಕು ಕೊಳ್ಳೇಗಾಲ ಮೀಸಲು ಕ್ಷೇತ್ರದೊಂದಿಗೆ ಸೇರಿತು.

ಆ ಸಂತೇಮರಹಳ್ಳಿಯಲ್ಲಿ 2004ರಲ್ಲಿ ನಡೆದ ಚುನಾವಣೆ ಈಗ ಜನಪದ ಕಥನದ ರೂಪವನ್ನೇ ತಾಳಿದೆ. ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತಗಳನ್ನೂ ಜಾತ್ಯತೀತ ಜನತಾ ದಳದ ಎ.ಆರ್. ಕೃಷ್ಣಮೂರ್ತಿ 40,751 ಮತಗಳನ್ನೂ ಪಡೆದರು. ಸೋತವರ ಕಾರಿನ ಚಾಲಕನೇ ಅಂದು ಮತ ಹಾಕಲಾಗಲಿಲ್ಲ ಎಂಬ ಮಾತು ಇಂದಿಗೂ ಬಾಯಿಂದ ಬಾಯಿಗೆ ಹರಿಯುತ್ತಿದೆ. ಈ ಕಥನದ ಒಂದು ಮೌನ ಗಮನಾರ್ಹ. ಇಬ್ಬರೇ ಇದ್ದರು, ಅವರ ನಡುವೆ ಒಂದೇ ಮತವಿತ್ತು ಎಂಬಂತೆ ಅದನ್ನು ಹೇಳಲಾಗುತ್ತದೆ. ಕಣದಲ್ಲಿದ್ದ ಉಳಿದವರಿಗೆ ಬಿದ್ದ ಮತಗಳಾಗಲೀ ಆ ಮತದಾರರು ಏನನ್ನು ಬಯಸಿದ್ದರೆಂಬುದಾಗಲೀ ಕಥೆಯೊಳಗೆ ಬರುವುದಿಲ್ಲ. ನೆನಪು ಕೂಡ ಎರಡನ್ನೇ ಉಳಿಸಿಕೊಳ್ಳುತ್ತದೆ.

ಈಗ ಪ್ರತ್ಯೇಕ ತಾಲ್ಲೂಕಾಗಿರುವ ಹನೂರಿನಲ್ಲಿ ಇಬ್ಬಣ ಎರಡು ಮನೆತನಗಳ ರೂಪವನ್ನು ಪಡೆಯಿತು. ಒಂದು ಕಡೆ ಎಚ್. ನಾಗಪ್ಪ, ಇನ್ನೊಂದು ಕಡೆ ಜಿ. ರಾಜೂಗೌಡ. ಮಾಜಿ ಸಚಿವರಾಗಿದ್ದ ನಾಗಪ್ಪನವರನ್ನು 2002ರ ಆಗಸ್ಟ್‌ನಲ್ಲಿ ವೀರಪ್ಪನ್ ಅಪಹರಿಸಿದನು. ಡಿಸೆಂಬರ್‌ನಲ್ಲಿ ಅವರ ಶವ ಕಾಡಿನಲ್ಲಿ ದೊರೆಯಿತು. 2004ರಲ್ಲಿ ಅವರ ಪತ್ನಿ ಪರಿಮಳಾ ನಾಗಪ್ಪ ಜಾತ್ಯತೀತ ಜನತಾ ದಳದಿಂದ ಗೆದ್ದರು. 2008, 2013 ಮತ್ತು 2018ರಲ್ಲಿ ರಾಜೂಗೌಡರ ಮಗ ಆರ್. ನರೇಂದ್ರ ಕಾಂಗ್ರೆಸ್ಸಿನಿಂದ ಆಯ್ಕೆಯಾದರು. 2018ರಲ್ಲಿ ನಾಗಪ್ಪನವರ ಮಗ ಪ್ರೀತನ್ ನಾಗಪ್ಪ ಭಾರತೀಯ ಜನತಾ ಪಕ್ಷದ ಅಭ್ಯರ್ಥಿಯಾಗಿದ್ದರು. ಬಾವುಟ ಬದಲಾಯಿತು, ಮನೆ ಬದಲಾಗಲಿಲ್ಲ. 2023ರಲ್ಲಿ ಎರಡೂ ಮನೆತನಗಳಿಗೆ ಹೊರಗಿನವರಾದ ಎಂ.ಆರ್. ಮಂಜುನಾಥ್ ಜಾತ್ಯತೀತ ಜನತಾ ದಳದಿಂದ ಗೆದ್ದರು. 2018ರಲ್ಲಿಯೂ ಸ್ಪರ್ಧಿಸಿ ಸೋತಿದ್ದ ಅವರು ಕ್ಷೇತ್ರ ಬಿಟ್ಟು ಹೋಗಿರಲಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

4. ಮೀಸಲು ಕ್ಷೇತ್ರದ ಮೂರನೆಯ ದನಿ

ಕೊಳ್ಳೇಗಾಲ ಕ್ಷೇತ್ರದ ಪ್ರಕರಣ ಇನ್ನೂ ಆಳವಾದದ್ದು. ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರದಲ್ಲಿ ಎಲ್ಲ ಅಭ್ಯರ್ಥಿಗಳೂ ಪರಿಶಿಷ್ಟ ಜಾತಿಯವರೇ ಆಗಿರುತ್ತಾರೆ. ಮತದಾರರಾದರೋ ಎಲ್ಲ ಜಾತಿಯವರು. ಆದುದರಿಂದ ಇಬ್ಬರು ಪ್ರಬಲ ಅಭ್ಯರ್ಥಿಗಳ ನಡುವೆ ಗೆಲುವನ್ನು ನಿರ್ಣಯಿಸುವ ಮತ ಅನೇಕ ವೇಳೆ ದಲಿತೇತರರದಾಗಿರುತ್ತದೆ. 1932ರ ಪೂನಾ ಒಪ್ಪಂದದಿಂದ ಹುಟ್ಟಿದ ಈ ಏರ್ಪಾಡನ್ನು ಅಂಬೇಡ್ಕರರು ಮುಂದೆ ಕಟುವಾಗಿ ವಿಮರ್ಶಿಸಿದರು. ಅದೇ ವಿಮರ್ಶೆಯನ್ನು ಕಾನ್ಶೀರಾಮ್ 1982ರ ತಮ್ಮ ಕೃತಿಯಲ್ಲಿ ಬೆಳೆಸಿ, 1984ರಲ್ಲಿ ಬಹುಜನ ಸಮಾಜ ಪಕ್ಷವನ್ನು ಸ್ಥಾಪಿಸಿದರು. ಮೊದಲ ಚುನಾವಣೆ ಸೋಲುವುದಕ್ಕೆ, ಎರಡನೆಯದು ಸೋಲಿಸುವುದಕ್ಕೆ, ಮೂರನೆಯದು ಗೆಲ್ಲುವುದಕ್ಕೆ ಎಂಬುದು ಅವರ ಪ್ರಸಿದ್ಧ ನಿಲುವು. ಮೂರನೆಯ ಪಕ್ಷದ ಸಹನೆಯನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ಮಾತು ಇನ್ನೊಂದಿಲ್ಲ.

ಕೊಳ್ಳೇಗಾಲದಲ್ಲಿ ಈ ಕ್ರಮ ಬಹುಮಟ್ಟಿಗೆ ಹಾಗೆಯೇ ನಡೆಯಿತು. ಎನ್. ಮಹೇಶ್ ಬಹುಜನ ಸಮಾಜ ಪಕ್ಷದಿಂದ ಮತ್ತೆ ಮತ್ತೆ ಸ್ಪರ್ಧಿಸಿ ಸೋತರು. 2013ರಲ್ಲಿ ಕಾಂಗ್ರೆಸ್ಸಿನ ಎಸ್. ಜಯಣ್ಣ ಗೆದ್ದಾಗ ಮಹೇಶ್ ಎರಡನೆಯ ಸ್ಥಾನದಲ್ಲಿದ್ದರು. 2018ರಲ್ಲಿ, ಜಾತ್ಯತೀತ ಜನತಾ ದಳದೊಂದಿಗಿನ ಚುನಾವಣಾಪೂರ್ವ ಮೈತ್ರಿಯ ಬೆಂಬಲದಿಂದ, ಕಾಂಗ್ರೆಸ್ಸಿಗೆ ಬಂದಿದ್ದ ಎ.ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿ ವಿಧಾನಸಭೆ ಪ್ರವೇಶಿಸಿದರು. ಜೂನ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿಯವರ ಸಂಪುಟದಲ್ಲಿ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಸಚಿವರಾದರು. ದೀರ್ಘಕಾಲದ ಸೋಲುಗಳನ್ನು ಸಹಿಸಿದ ಮತದಾರ ಸಮುದಾಯಕ್ಕೆ ಇದು ಸಾಮಾನ್ಯ ಸಂಗತಿಯಾಗಿರಲಿಲ್ಲ.

ಮುಂದಿನ ಘಟನೆಗಳು ವೇಗವಾಗಿ ನಡೆದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ಸಚಿವ ಸ್ಥಾನಕ್ಕೆ ರಾಜೀನಾಮೆ ನೀಡಿದರು. 2019ರ ಜುಲೈನಲ್ಲಿ ವಿಶ್ವಾಸಮತದ ಸಮಯದಲ್ಲಿ ಗೈರುಹಾಜರಾದರೆಂದು ಪಕ್ಷದಿಂದ ಉಚ್ಚಾಟಿತರಾದರು. 2021ರ ಆಗಸ್ಟ್‌ನಲ್ಲಿ ಭಾರತೀಯ ಜನತಾ ಪಕ್ಷವನ್ನು ಸೇರಿದರು. 2023ರಲ್ಲಿ ಆ ಪಕ್ಷದ ಅಭ್ಯರ್ಥಿಯಾಗಿ ನಿಂತು, ಕಾಂಗ್ರೆಸ್ಸಿನ ಎ.ಆರ್. ಕೃಷ್ಣಮೂರ್ತಿಯವರೆದುರು ದೊಡ್ಡ ಅಂತರದಿಂದ ಸೋತರು. ಬಹುಜನ ಸಮಾಜ ಪಕ್ಷಕ್ಕೆ ಆ ವರ್ಷ ರಾಜ್ಯದಲ್ಲಿ ಒಂದು ಸ್ಥಾನವೂ ದೊರೆಯಲಿಲ್ಲ. ಹಲವು ಚುನಾವಣೆಗಳಲ್ಲಿ ಕಟ್ಟಿದ ಮೂರನೆಯ ನೆಲೆ ಒಂದು ವಿಧಾನಸಭೆಯ ಅವಧಿಯಲ್ಲಿ ಕರಗಿಹೋಯಿತು.

ಇಲ್ಲಿ ವ್ಯಕ್ತಿಯ ಗುಣದೋಷ ನಮ್ಮ ವಿಚಾರವಲ್ಲ. ಪಕ್ಷದ ಕೇಂದ್ರ ದೂರದಲ್ಲಿತ್ತು. ಸದನದಲ್ಲಿ ಪಕ್ಷವೆಂದರೆ ಒಬ್ಬರೇ ಸದಸ್ಯರು. ಆ ಒಬ್ಬರಿಗೂ ಕೇಂದ್ರಕ್ಕೂ ಸಂಬಂಧ ಮುರಿದಾಗ ನಡುವೆ ನಿಂತು ಮಾತನಾಡಬಲ್ಲ, ಪ್ರಶ್ನಿಸಬಲ್ಲ ಸ್ಥಳೀಯ ಸಂಸ್ಥೆಯೊಂದು ಎದ್ದು ಕಾಣಲಿಲ್ಲ. ಹೆಚ್ಚು ಜನ ಮತ ನೀಡಿ ಕಟ್ಟಿದ್ದನ್ನು ಕೆಡವುವುದಕ್ಕೆ ಇಬ್ಬರ ತೀರ್ಮಾನ ಸಾಕಾಯಿತು.

5. ಮೂರನೆಯದರ ಬೆಲೆ

ಮೂರನೆಯ ಪಕ್ಷದ ವಿರುದ್ಧವಾದ ವಾದಗಳನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ಚಾಮರಾಜನಗರ ಕ್ಷೇತ್ರದಿಂದ ಭಾರತೀಯ ಜನತಾ ಪಕ್ಷದ ವಿ. ಶ್ರೀನಿವಾಸಪ್ರಸಾದ್ ಕಾಂಗ್ರೆಸ್ಸಿನ ಧ್ರುವನಾರಾಯಣ ಅವರನ್ನು 1,817 ಮತಗಳಿಂದ ಸೋಲಿಸಿದರು. ಬಹುಜನ ಸಮಾಜ ಪಕ್ಷದ ಅಭ್ಯರ್ಥಿಗೆ ಎಂಬತ್ತು ಸಾವಿರಕ್ಕೂ ಹೆಚ್ಚು ಮತಗಳು ಬಿದ್ದಿದ್ದವು. ಮೂರನೆಯದು ಮತ ಒಡೆದು, ತನಗೆ ಹೆಚ್ಚು ದೂರವಾದವರನ್ನು ಗೆಲ್ಲಿಸುತ್ತದೆ ಎಂಬ ಆಕ್ಷೇಪ ಇಂತಹ ಅಂಕಿಗಳಿಂದಲೇ ಹುಟ್ಟುತ್ತದೆ. ಆದರೆ ಈ ಆಕ್ಷೇಪದೊಳಗೆ ಒಂದು ಊಹೆ ಅಡಗಿದೆ: ಆ ಮತಗಳು ಮೊದಲೇ ಇನ್ನೊಬ್ಬರಿಗೆ ಸೇರಿದ್ದವು ಎಂಬುದು. ಅದು ಹಳೆಯ ಪಣದ ತರ್ಕವೇ. ಮತದಾರನು ತಮ್ಮ ಕೈಯವನೆಂದು ಭಾವಿಸಿದ ಪಕ್ಷ ಅವನನ್ನು ಕಳೆದುಕೊಂಡಾಗ ಏಕೆ ಕಳೆದುಕೊಂಡೆನೆಂದು ಕೇಳಿಕೊಳ್ಳಬೇಕಲ್ಲದೆ, ಅವನು ಹೋದ ಬಾಗಿಲನ್ನು ದೂರಿ ಪ್ರಯೋಜನವಿಲ್ಲ.

ಎರಡನೆಯ ಆಕ್ಷೇಪ ಅಸ್ಥಿರತೆಯದು. 2004 ಮತ್ತು 2018ರ ಅತಂತ್ರ ವಿಧಾನಸಭೆಗಳಲ್ಲಿ ಮೂರನೆಯ ಪಕ್ಷದ ಚೌಕಾಸಿಯ ಶಕ್ತಿ ಅದರ ಸ್ಥಾನಬಲಕ್ಕಿಂತ ದೊಡ್ಡದಾಗಿತ್ತು. 2018ರ ಮೈತ್ರಿ ಸರಕಾರ ಹದಿನಾಲ್ಕು ತಿಂಗಳಲ್ಲಿ ಉರುಳಿತು. ಇದೂ ನಿಜ. ಮೂರನೆಯ ಆಕ್ಷೇಪ ಇನ್ನೂ ಗಂಭೀರವಾದುದು: ಮೂರನೆಯದು ಕಡೆಗೆ ಎರಡರಲ್ಲೊಂದರ ಮಡಿಲಿಗೆ ಸೇರುತ್ತದೆ. 2023ರ ಚುನಾವಣೆಯಲ್ಲಿ 19 ಸ್ಥಾನಗಳಿಗೆ ಇಳಿದ ಜಾತ್ಯತೀತ ಜನತಾ ದಳ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಪ್ರಜಾಸತ್ತಾತ್ಮಕ ಒಕ್ಕೂಟವನ್ನು ಸೇರಿತು. ಹನೂರಿನ ಮತದಾರರು ಎರಡು ಮನೆತನಗಳಿಗೆ ಪರ್ಯಾಯವೆಂದು ಆಯ್ದ ಪಕ್ಷ ಕೆಲವೇ ತಿಂಗಳಲ್ಲಿ ಎರಡು ಧ್ರುವಗಳಲ್ಲೊಂದರ ಪಾಲುದಾರನಾಯಿತು. ಹಾಗಾದರೆ ಮೂರನೆಯದು ಉಳಿಯುವುದು ಯಾವುದರಿಂದ?

6. ಉಳಿದುಬಂದ ಮೂರನೆಯದು

ಈ ಪ್ರಶ್ನೆಗೆ ಉತ್ತರದ ಒಂದು ಎಳೆ ಇದೇ ಸೀಮೆಯ ಜನಪದ ಧಾರ್ಮಿಕ ಪರಂಪರೆಯಲ್ಲಿ ದೊರೆಯುತ್ತದೆ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣದ ಬಾಗಿಲಿಗೆ ಬರುವ ಪ್ರಸಂಗ ಸುಪ್ರಸಿದ್ಧ. ಕೊಳಕು ಮೈಯ, ಹೀನ ವೇಷದವನಾಗಿ ಬಂದ ಅವನನ್ನು ಬಾಗಿಲ ಕಾವಲಿನವರು ಒಳಗೆ ಬಿಡುವುದಿಲ್ಲ. ಸಮಾನತೆಯನ್ನು ಸಾರಿದ ಕಲ್ಯಾಣವೇ ಹೊರಗೆ ನಿಂತವನಿಂದ ಪರೀಕ್ಷೆಗೊಳಗಾಗುತ್ತದೆ. ಅವನು ಕಲ್ಯಾಣದ ಶತ್ರುವಲ್ಲ, ಕಲ್ಯಾಣವನ್ನು ಆಳಲು ಬಂದವನೂ ಅಲ್ಲ. ಒಳಗಿನವರ ಮಾತಿಗೂ ನಡೆಗೂ ಇರುವ ಅಂತರವನ್ನು ಅಳೆಯಲು ಬಂದವನು. ಕಾವ್ಯವನ್ನು ರಾಜ್ಯಶಾಸ್ತ್ರವಾಗಿ ಓದುವುದು ತರವಲ್ಲ. ಆದರೂ ಮೂರನೆಯವನು ಲಾಭಕೋರ ಎಂಬ ಗಾದೆಯ ಗ್ರಹಿಕೆಗೆ ಎದುರಾಗಿ ಮೂರನೆಯವನು ಪರೀಕ್ಷಕ ಎಂಬ ಗ್ರಹಿಕೆಯೂ ಇದೇ ಜನರಲ್ಲಿ ಜೀವಂತವಾಗಿದೆ ಎಂಬುದು ಸ್ಪಷ್ಟ.

ಪ್ರಸಂಗಕ್ಕಿಂತಲೂ ಮುಖ್ಯವಾದದ್ದು ಪಂಥದ ರಚನೆ. ಮಂಟೇಸ್ವಾಮಿಯ ಗದ್ದುಗೆ ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿದೆ; ರಾಚಪ್ಪಾಜಿಯದು ಕಪ್ಪಡಿಯಲ್ಲಿ; ಸಿದ್ದಪ್ಪಾಜಿಯದು ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ. ಗುರು ಒಬ್ಬನೇ ಆದರೂ ನೆಲೆ ಹಲವು. ಪ್ರತಿಯೊಂದು ಮನೆಯೂ ದೇವರ ‘ಒಕ್ಕಲು’. ಆ ಸಂಬಂಧ ಒಂದು ದಿನದ್ದಲ್ಲ, ತಲೆಮಾರುಗಳದು. ಹಲವು ಜಾತಿಗಳಿಂದ ಬಂದವರು ದೀಕ್ಷೆ ಪಡೆದು ನೀಲಗಾರರಾಗುತ್ತಾರೆ. ತಂಬೂರಿ, ಗಗ್ಗರಗಳೊಂದಿಗೆ ಊರೂರು ತಿರುಗಿ ಕಥೆಯನ್ನು ಹೇಳುತ್ತಾರೆ. ವರ್ಷಕ್ಕೊಮ್ಮೆ ಚಿಕ್ಕಲ್ಲೂರಿನಲ್ಲಿ ಐದು ದಿನಗಳ ಜಾತ್ರೆ ಕೂಡುತ್ತದೆ. ಅರಮನೆಯ ಅಧಿಕಾರ ಕೈಯಲ್ಲಿಲ್ಲದೆಯೂ ಈ ಪರಂಪರೆ ಶತಮಾನಗಳ ಕಾಲ ಉಳಿದದ್ದು ಈ ಏರ್ಪಾಡಿನಿಂದ. ಒಬ್ಬ ನೀಲಗಾರ ಹಾಡುವುದನ್ನು ಬಿಟ್ಟರೆ ಕಥೆ ನಿಲ್ಲುವುದಿಲ್ಲ. ಇನ್ನೊಬ್ಬನಿಗೆ ಅದು ಬಾಯಿಪಾಠವಾಗಿರುತ್ತದೆ.

ಹೋಲಿಕೆಗೆ ಮಿತಿಯಿದೆ. ಮಠದ ಪೀಠ ವಂಶಪಾರಂಪರ್ಯವಾದುದು, ಪಕ್ಷದ ನಾಯಕತ್ವ ಹಾಗಾಗಬಾರದು. ಒಕ್ಕಲಿಗೆ ಹುಟ್ಟಿನ ನಂಟು, ಮತದಾರನಿಗೆ ಆಯ್ಕೆಯ ಸ್ವಾತಂತ್ರ್ಯ. ಆದರೂ ಒಂದು ಪಾಠವಿದೆ. ಮೂರನೆಯದರ ಸತ್ತ್ವವನ್ನು ಅದು ಗೆದ್ದ ದಿನದಲ್ಲಿ ಅಳೆಯಲಾಗದು. ಸೋತ ಮೇಲೂ ಊರಿನಲ್ಲಿ ಉಳಿಯುವುದು, ಒಬ್ಬರು ಹೋದರೂ ಮುಂದುವರಿಸುವ ಜನರನ್ನು ಹೊಂದಿರುವುದು, ಒಳಗಿನವರ ನಡೆಯನ್ನು ನಿರಂತರವಾಗಿ ಪ್ರಶ್ನಿಸುವುದು – ಇವು ಅದರ ಲಕ್ಷಣಗಳು. ಕೊಳ್ಳೇಗಾಲದ ರಾಜಕೀಯ ಪ್ರಯೋಗಕ್ಕೆ ಮೊದಲನೆಯದು ಇತ್ತು. ಎರಡನೆಯದು ಸಾಲದೆ ಹೋಯಿತು. ಆದುದರಿಂದ ಮೂರನೆಯದೂ ನಿಂತಿತು.

7. ಸಮಾರೋಪ

ಎರಡೂ ಕಡೆಗೆ ಬೇಡವಾದವರ ಸ್ಥಿತಿ ಏನಾಗುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು. 2011ರಲ್ಲಿ ಬಿಳಿಗಿರಿರಂಗನಬೆಟ್ಟದ ಸೋಲಿಗರು ಅರಣ್ಯ ಹಕ್ಕು ಕಾಯಿದೆಯಡಿ ಸಾಮುದಾಯಿಕ ಹಕ್ಕುಗಳನ್ನು ಪಡೆದರು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಅಂತಹ ಹಕ್ಕು ದೊರೆತದ್ದು ದೇಶದಲ್ಲಿ ಅದೇ ಮೊದಲು. ಅದರ ಹಿಂದೆ ಸೋಲಿಗರ ಸ್ವಂತ ಸಂಘಟನೆಯ ದೀರ್ಘ ಶ್ರಮವಿತ್ತು. ಇನ್ನೊಂದು ನಿದರ್ಶನ ಮಾದೇಶ್ವರನ ಬೆಟ್ಟದ ಇಂಡಿಗನತ್ತ. ರಸ್ತೆ, ನೀರು ಮೊದಲಾದ ಮೂಲಸೌಕರ್ಯಗಳಿಲ್ಲವೆಂದು ಅಲ್ಲಿಯ ಜನ 2024ರ ಲೋಕಸಭಾ ಚುನಾವಣೆಯನ್ನು ಬಹಿಷ್ಕರಿಸಿದರು. ಏಪ್ರಿಲ್ 26ರ ಮತದಾನದ ದಿನ ಘರ್ಷಣೆ ನಡೆದು ಮತಯಂತ್ರ ಒಡೆಯಿತು. ಏಪ್ರಿಲ್ 29ರಂದು ಮರುಮತದಾನ ನಡೆಯಿತು. ಸಂಘಟನೆಯ ಮೂಲಕ ಮಾತನಾಡಬಲ್ಲವರಿಗೆ ಹಕ್ಕುಪತ್ರ ದೊರೆಯಿತು. ಮಾತನಾಡಲು ನೆಲೆಯಿಲ್ಲವೆಂದು ಭಾವಿಸಿದವರ ಸಿಟ್ಟು ಮತಯಂತ್ರದ ಮೇಲೆ ತಿರುಗಿತು.

ಆದುದರಿಂದ ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಈ ಸೀಮೆಯ ಅನುಭವ ಕೊಡುವ ಉತ್ತರ ಹೌದು ಎಂಬುದೇ. ಆದರೆ ಒಂದು ನಿಬಂಧನೆಯೊಂದಿಗೆ. ಮೂರನೆಯ ಪಕ್ಷ ಬೇಕಾಗಿರುವುದು ಅಧಿಕಾರವನ್ನು ಮೂರು ಪಾಲು ಮಾಡುವುದಕ್ಕಲ್ಲ. ಮತದಾರನು ಬೇರೆಡೆಗೆ ಹೋಗಬಲ್ಲನೆಂಬ ಅರಿವನ್ನು ಎರಡು ಪಕ್ಷಗಳಲ್ಲಿ ಜಾಗೃತವಾಗಿಡುವುದಕ್ಕೆ, ಎರಡೂ ಕೈಬಿಟ್ಟವರ ಮಾತು ಮತಪೆಟ್ಟಿಗೆಯ ಒಳಗೇ ಉಳಿಯುವಂತೆ ಮಾಡುವುದಕ್ಕೆ. ಒಬ್ಬ ವ್ಯಕ್ತಿಯ ಮೇಲೆ ನಿಂತ ಮೂರನೆಯ ಪಕ್ಷದಿಂದ ಈ ಕೆಲಸ ಆಗದು. ಅದು ಗೆದ್ದಾಗ ಹುಟ್ಟಿಸುವ ಆಸೆಗಿಂತ ಕರಗಿದಾಗ ಉಳಿಸುವ ಅಪನಂಬಿಕೆ ದೊಡ್ಡದು. ಕೊಳ್ಳೇಗಾಲದಲ್ಲಿ ಮುಂದೆ ಮೂರನೆಯ ದನಿ ಎತ್ತುವವರು ಮೊದಲು ಎದುರಿಸಬೇಕಾದದ್ದು ಎದುರಾಳಿ ಪಕ್ಷಗಳನ್ನಲ್ಲ, ಈ ಅಪನಂಬಿಕೆಯನ್ನು.